30 ಕಿ.ಮೀ. ಆದ ಮೇಲೆ ಜೆಲ್ ಹೊಟ್ಟೆಗೆ ಒಗ್ಗದಿದ್ದರೆ

ಮ್ಯಾರಥಾನ್‌ನಲ್ಲಿ 30 ಕಿ.ಮೀ. ದಾಟಿ ಸುಸ್ತಾದಾಗ ಎನರ್ಜಿ ಜೆಲ್ (ಓಡುವಾಗ ಶಕ್ತಿಗೆ ಅಂತ ನುಂಗುವ, ಸಕ್ಕರೆ ಅಂಶದ ಗಟ್ಟಿ ಪಾಕ) ತಗೊಂಡರೆ ಹೊಟ್ಟೆ ತೊಳಸುತ್ತದೆ ಅಂದಿದ್ದೀರಿ. ನನ್ನ ಪ್ರಕಾರ ತಪ್ಪು ಜೆಲ್‌ನದ್ದಲ್ಲ, ಹೊತ್ತಿನದ್ದು. ಅಷ್ಟು ಹೊತ್ತಿಗೆ ರಕ್ತ ಹೆಚ್ಚಾಗಿ ಕಾಲಿನ ಕಡೆ ಹರಿಯುತ್ತಿರುತ್ತದೆ, ಅರಗಿಸುವ ತಾಕತ್ತು ಕಮ್ಮಿ. ಮೊದಲ ಅರ್ಧ ಗಂಟೆಯಲ್ಲೇ ಶುರು ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಅದಕ್ಕಿಂತ ಜಾಸ್ತಿ ಬೇಕಾದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ (ಹಣ್ಣಿನಲ್ಲಿರುವ ಸಕ್ಕರೆ) ಕೂಡ ಇರಲಿ. ಕರುಳು ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ.

ಜೆಲ್ ಜೊತೆ ಬರೀ ನೀರು ಕುಡಿಯಿರಿ. ಸ್ಪೋರ್ಟ್ಸ್ ಡ್ರಿಂಕ್ ಸೇರಿದರೆ ಸಿಹಿ ವಿಪರೀತವಾಗುತ್ತದೆ (ನಾನೂ ಒಮ್ಮೆ ಹೀಗೇ ಒದ್ದಾಡಿದ್ದೇನೆ). ಹಾಗಂತ ಸುಮ್ನೆ ಲೀಟರ್‌ಗಟ್ಟಲೆ ನೀರು ಬೇಡ. ರಕ್ತದಲ್ಲಿ ಸೋಡಿಯಂ ಇಳಿದರೆ ಅದೂ ಅಪಾಯವೇ ಅಲ್ವಾ? ನಿಮಗೆ ಎಷ್ಟು ನೀರು ಬೇಕು ಅಂತ ಅಂದಾಜು ಮಾಡೋಕೆ, ಅಭ್ಯಾಸದ ದಿನ ನೀರು ಕುಡಿಯದೆ ಒಂದು ಗಂಟೆ ಓಡಿ, ಮುಂಚೆ ಮತ್ತು ಆಮೇಲೆ ತೂಕ ನೋಡಿ. 1 ಕೆ.ಜಿ. ಇಳಿದಿದ್ದರೆ ಹೆಚ್ಚುಕಮ್ಮಿ 1 ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ.