ಅಂಬಲಿ ಕೊಟ್ಟು ಮಾತ್ರೆ ನಿಲ್ಲಿಸಬಹುದೇ?

ಓದುಗರೊಬ್ಬರ ಪತ್ರ: ಬ್ರಿಟನ್ನಿನಲ್ಲಿ ಬರೀ ಸೂಪು ಕುಡಿಸಿ ನೂರಕ್ಕೆ 46 ಜನರ ಸಕ್ಕರೆ ಕಾಯಿಲೆ ಹೋಗಿದೆ ಎಂದು ವಾಟ್ಸಾಪಿನಲ್ಲಿ ಓದಿದೆ. ನಮ್ಮ ಯಜಮಾನರಿಗೆ 48 ವರ್ಷ, ತೂಕ 82 ಕೆ.ಜಿ., ಕಾಯಿಲೆ ಬಂದು ಮೂರು ವರ್ಷ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಬಿಪಿ ಮಾತ್ರೆ ತಗೊಳ್ತಾರೆ. ಅತ್ತೆಯವರಿಗೆ 14 ವರ್ಷದಿಂದ ಇದೆ, ಇನ್ಸುಲಿನ್ ನಡೆಯುತ್ತಿದೆ. ಇಬ್ಬರಿಗೂ ಮಾತ್ರೆ, ಇನ್ಸುಲಿನ್ ನಿಲ್ಲಿಸಿ ರಾಗಿ ಅಂಬಲಿ ಕೊಡಬಹುದೇ?

ಸಂಪಾದಕರ ಉತ್ತರ: ಅಂಕಿ ನಿಜ. ಆದರೆ ನಿಮಗೆ ಬಂದ ಸಂದೇಶದಲ್ಲಿ ಅರ್ಧ ವಿಷಯವೇ ಇಲ್ಲ. ದಯವಿಟ್ಟು ಇನ್ಸುಲಿನ್ ಮುಟ್ಟಬೇಡಿ, ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಅದು 2017ರಲ್ಲಿ ಫಲಿತಾಂಶ ಹೊರಬಂದ 'ಡೈರೆಕ್ಟ್' ಅಧ್ಯಯನ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ, ದೊಡ್ಡಾಸ್ಪತ್ರೆಗಳಲ್ಲಲ್ಲ, ಊರಿನ ಕುಟುಂಬ ವೈದ್ಯರ 49 ಕ್ಲಿನಿಕ್ಕುಗಳಲ್ಲಿ ನಡೆಯಿತು. ಸೇರಿಸಿಕೊಂಡದ್ದು 20ರಿಂದ 65 ವಯಸ್ಸಿನ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 27ರಿಂದ 45 ಇರುವ, ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಜನರನ್ನು. ನಿಮ್ಮ ಅತ್ತೆಯವರು ಇದಕ್ಕೆ ಸೇರುವವರೇ ಅಲ್ಲ. ಯಜಮಾನರ ಎತ್ತರ ನೀವು ಬರೆದಿಲ್ಲ, 170 ಸೆಂ.ಮೀ. ಇದ್ದರೆ ಬಿಎಂಐ 28ರ ಆಸುಪಾಸು, ಅವರ ವಿಷಯ ಯೋಚಿಸಬಹುದು.

ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ ಮಾತ್ರ, ಅದೂ ಊಟದ ಬದಲು ಪುಡಿ ಕದಡಿದ ಸೂಪು, ಶೇಕ್‌ಗಳಲ್ಲಿ. ಮೊದಲ ವಾರ ಮುಗಿದ ಕೂಡಲೇ ಒಮ್ಮೆ, ಆಮೇಲೆ ಎರಡೆರಡು ವಾರಕ್ಕೊಮ್ಮೆ ತರಬೇತಾದ ನರ್ಸ್ ಅಥವಾ ಆಹಾರತಜ್ಞರ ಮುಂದೆ ತೂಕ, ಸಕ್ಕರೆ, ಬಿಪಿ ನೋಡಿಸಬೇಕು. ಬಳಿಕ ಮಾಮೂಲಿ ಊಟವನ್ನು ಒಂದೊಂದು ಹೊತ್ತಾಗಿ ಮರಳಿ ತರುವುದು, ಮುಂದೆ ತಿಂಗಳಿಗೊಂದು ಭೇಟಿ. ಸಕ್ಕರೆ ಮತ್ತು ಬಿಪಿ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದು ಹೌದು, ಆದರೆ ಈ ಕಾವಲಿನ ಒಳಗೆ. ನನ್ನ ಮಟ್ಟಿಗೆ ಇಲ್ಲಿ ದೊಡ್ಡ ಕೆಲಸ ಮಾಡಿದ್ದು ಸೂಪಿಗಿಂತ ಆ ಭೇಟಿಗಳೇ.

ಸಕ್ಕರೆ ಇಳಿದದ್ದು ತೂಕದ ಲೆಕ್ಕದಲ್ಲಿ. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದ 36 ಮಂದಿಯಲ್ಲಿ 31 ಮಂದಿಗೆ ಮಾತ್ರೆಯಿಲ್ಲದೆಯೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.5ಕ್ಕಿಂತ ಕೆಳಗೆ ನಿಂತಿತು. ಯಕೃತ್ತು ಮತ್ತು ಮೇದೋಜೀರಕದಲ್ಲಿ ಸೇರಿಕೊಂಡ ಕೊಬ್ಬು ಕರಗಿದ್ದೇ ಕಾರಣ. ತೂಕ ಮರಳಿದವರಿಗೆ ಸಕ್ಕರೆಯೂ ಮರಳಿತು: ಒಂದು ವರ್ಷಕ್ಕೆ ನೂರಕ್ಕೆ 46 ಇದ್ದದ್ದು ಎರಡು ವರ್ಷಕ್ಕೆ 36ಕ್ಕೆ ಇಳಿಯಿತು.

ಇನ್ನು ಅಂಬಲಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 67 ಗ್ರಾಂ ಕಾರ್ಬೊಹೈಡ್ರೇಟ್, ಏಳು ಗ್ರಾಂ ಪ್ರೋಟೀನ್. 830 ಕ್ಯಾಲೊರಿಗೆ 260 ಗ್ರಾಂ ಹಿಟ್ಟು ಬೇಕು. ಸಿಗುವ ಪ್ರೋಟೀನ್ ಹತ್ತೊಂಬತ್ತು ಗ್ರಾಂ ಅಷ್ಟೇ. ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಅಧ್ಯಯನದ ಪುಡಿಗಳಲ್ಲಿ ಪ್ರೋಟೀನ್, ವಿಟಮಿನ್, ಖನಿಜ ಲೆಕ್ಕ ಹಾಕಿ ಸೇರಿಸಿದ್ದರು. ಮಾತ್ರೆ ಬಿಟ್ಟು, ಅಳತೆಯಿಲ್ಲದೆ ಅಂಬಲಿ ಕುಡಿದರೆ ಸಕ್ಕರೆ ಏರುವುದೇ ಹೆಚ್ಚು.

ಗ್ಲಿಮಿಪಿರೈಡ್ ನುಂಗುತ್ತಲೇ ಊಟ ಕಡಿಮೆ ಮಾಡಿದರೆ ಅಪಾಯ ಬೇರೆ ದಿಕ್ಕಿನಲ್ಲಿ: ಊಟ ಮಾಡಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತದೆ, ಸಕ್ಕರೆ ತೀರಾ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಮಾತ್ರೆಯ ಪರಿಣಾಮ ದಿನವಿಡೀ ಇರುವುದರಿಂದ ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಯಜಮಾನರನ್ನು ನಿಮ್ಮ ವೈದ್ಯರ ಬಳಿ ಕರೆದೊಯ್ದು ಎಚ್‌ಬಿಎ1ಸಿ, ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಕಣ್ಣಿನ ಅಕ್ಷಿಪಟಲ ಪರೀಕ್ಷೆ ಮಾಡಿಸಿ, "ತೂಕ ಇಳಿಸುತ್ತಾ ಗ್ಲಿಮಿಪಿರೈಡ್ ಮೊದಲು ಕಡಿಮೆ ಮಾಡಬಹುದೇ, ಬಿಪಿ ಮಾತ್ರೆ ಯಾವಾಗ?" ಎಂದು ನೇರವಾಗಿ ಕೇಳಿ. ಸಕ್ಕರೆ ಹತೋಟಿಗೆ ಬಂದು ಮಾತ್ರೆ ನಿಂತರೂ ಕಣ್ಣು, ಪಾದ, ಮೂತ್ರದ ಆಲ್ಬುಮಿನ್ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.