ಅಪ್ಪನ ಕಣ್ಣೊಳಗಿನ ರಕ್ತಕ್ಕೆ ಡ್ರಾಪ್ಸ್ ಸಾಕಾ?

ಗದಗದಲ್ಲಿರುವ ನಿಮ್ಮ ಅಪ್ಪನಿಗೆ 15 ವರ್ಷದಿಂದ ಶುಗರ್, ಈಗ ರೆಟಿನಾದಲ್ಲಿ (ಕಣ್ಣಿನ ಹಿಂಬದಿಯ, ನೋಟ ಹಿಡಿಯುವ ಪದರ) ರಕ್ತ ಅಂದಿದ್ದಾರೆ, ಡ್ರಾಪ್ಸ್ ಸಾಕಾ ಎಂದು ಕೇಳಿದ್ದೀರಿ. ಸಾಕಾಗಲ್ಲ. ಡ್ರಾಪ್ಸ್‌ನಿಂದ ಈ ರಕ್ತ ನಿಲ್ಲುವುದಿಲ್ಲ.

ಶುಗರ್ ಜಾಸ್ತಿಯಾಗಿ ಸಣ್ಣ ರಕ್ತನಾಳಗಳ ಗೋಡೆ ಸಡಿಲಾಗುತ್ತದೆ, ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿ ಸೋರುತ್ತದೆ. ಆಮೇಲೆ ಆಮ್ಲಜನಕ ಸಾಲದೆ ಹೊಸ ನಾಳ ಹುಟ್ಟುತ್ತವೆ. ಅವು ಇನ್ನೂ ನಾಜೂಕು, ಬೇಗ ಒಡೆಯುತ್ತವೆ.

ನಮ್ಮ ಅವ್ವನಿಗೂ ಹೀಗೇ ಆದಾಗ ಅವಳು ‘ರೊಟ್ಟಿ ಹಂಚಿನ ಮಸಿ ಉದುರಿದಂಗ ಕಾಣತೈತಿ’ ಅಂದಿದ್ದಳು. ಪೊರೆ ಇರಬೇಕು ಅಂತ ಸುಮ್ನೆ ಎರಡು ತಿಂಗಳು ಕಳೆದೆವು. ನಮ್ಮದೇ ತಪ್ಪು.

ಲೇಸರ್ ಅಥವಾ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ರಕ್ತ ಕರಗದಿದ್ದರೆ ಅದನ್ನು ಕಣ್ಣಿನಿಂದ ತೆಗೆಯುವ ವಿಟ್ರೆಕ್ಟಮಿ ಆಪರೇಷನ್. ನಾಳೆಯೇ ಹುಬ್ಬಳ್ಳಿಯಲ್ಲಿ ರೆಟಿನಾ ಡಾಕ್ಟರಿಗೆ ತೋರಿಸಿ. ಪರದೆ ಎಳೆದಂತೆ ಕಂಡರೆ ಇವತ್ತೇ ಹೊರಡಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ, ವಾಪಸ್ ಬರುವಾಗ ಬಿಸಿಲು ಚುಚ್ಚುತ್ತದೆ. ಬೈಕ್ ಬೇಡ, ಬಸ್ಸೇ ವಾಸಿ. ರಕ್ತ ಕೆಳಗಿಳಿಯಲು ರಾತ್ರಿ ಎರಡು ದಿಂಬು ಇಟ್ಟು ಮಲಗಲಿ.