ಎಡಿಟರ್ ಬದಲಿಸುವ ಮುನ್ನ ಎಚ್‌ಟಾಪ್ ತೆರೆದು ನೋಡಿ

ಪ್ರಶ್ನೆ: 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಬಳಸುತ್ತೇನೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ತೆರೆದರೆ ಎಲ್ಲವೂ ನಿಂತುಹೋಗುತ್ತದೆ. ಝೆಡ್ ಎಂಬ ಎಡಿಟರ್ ಹಗುರ ಎಂದು ಗೆಳೆಯರು ಹೇಳುತ್ತಾರೆ. ಬದಲಿಸಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಪ್ರತಿ ಸೆಮಿಸ್ಟರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಮೆಮೊರಿ ತಿನ್ನುತ್ತಿರುವುದು ಯಾವುದೆಂದು ನೋಡಿ ಬಂದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಎಂದು ತೋರಿಸುವ ಎಚ್‌ಟಾಪ್ ತೆರೆಯಿರಿ. ವಿಎಸ್ ಕೋಡ್ ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಅಂದರೆ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುತ್ತದೆ. ಆ ಭಾರ ನಿಜ. ಆದರೆ ಪಕ್ಕದಲ್ಲೇ ಲ್ಯಾಂಗ್ವೇಜ್ ಸರ್ವರ್ ಎಂಬ ಬೇರೆಯದೇ ಪ್ರೋಗ್ರಾಂ ಓಡುತ್ತಿರುತ್ತದೆ. ಸಿ ಪ್ಲಸ್ ಪ್ಲಸ್‌ಗೆ ಕ್ಲ್ಯಾಂಗ್‌ಡಿ ಇದ್ದಂತೆ ಒಂದೊಂದು ಭಾಷೆಗೆ ಒಂದೊಂದು. ಪದ ಸೂಚಿಸುವುದೂ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುವುದೂ ಅದರ ಕೆಲಸ. ಹೊಸ ಎಡಿಟರ್‌ಗೂ ಅದನ್ನೇ ಜೋಡಿಸಿದರೆ ಅದು ಅಷ್ಟೇ ತಿನ್ನುತ್ತದೆ.

ಝೆಡ್ ಒಳ್ಳೆಯ ಎಡಿಟರ್, ರಸ್ಟ್‌ನಲ್ಲಿ ಬರೆದದ್ದು. ಆದರೆ 2024ರಲ್ಲಿ ಲಿನಕ್ಸ್‌ಗೆ ಬಂದಾಗಲೇ ವಲ್ಕನ್ (ಚಿಪ್‌ನಿಂದ ಚಿತ್ರ ಬಿಡಿಸಿಕೊಳ್ಳುವ ವ್ಯವಸ್ಥೆ) ಬಲ್ಲ ಗ್ರಾಫಿಕ್ಸ್ ಚಿಪ್ ಕೇಳಿತ್ತು. ಹಳೆಯ ಚಿಪ್‌ಗೆ ಅದು ಬಾರದಿದ್ದರೆ ಪರದೆ ಬಿಡಿಸುವ ಹೊರೆಯೂ ಸಿಪಿಯು ಮೇಲೆಯೇ ಬೀಳುತ್ತದೆ. ವಲ್ಕನ್‌ಇನ್ಫೊ ಆದೇಶ ಕೊಟ್ಟಾಗ ಸಿಪಿಯುವಿನಲ್ಲೇ ಚಿತ್ರ ಬಿಡಿಸುವ ಎಲ್‌ಎಲ್‌ವಿಎಂಪೈಪ್ ಎಂಬ ಹೆಸರು ಮಾತ್ರ ಕಂಡರೆ ಝೆಡ್ ಮರೆತುಬಿಡಿ.

ನಿಮಗೆ ಗೀನಿ ಎಂಬ ಹಗುರ ಎಡಿಟರ್ ಸಾಕು. 2005ರಿಂದ ಇದೆ, ಉಬುಂಟುವಿಗೆ ಸಾಫ್ಟ್‌ವೇರ್ ಹಾಕುವ ಎಪಿಟಿಯಲ್ಲೇ ಸಿಗುತ್ತದೆ. ಎಫ್9 ಒತ್ತಿದರೆ ಬಿಲ್ಡ್, ಎಫ್5 ಒತ್ತಿದರೆ ಓಟ. ಲ್ಯಾಬ್ ಪ್ರೋಗ್ರಾಂಗಳಿಗೆ ಇನ್ನೇನು ಬೇಕು? ಹಾಕಿದ ಕೂಡಲೇ ಪ್ಲಗಿನ್ ಮ್ಯಾನೇಜರ್‌ನಲ್ಲಿ ಸೇವ್ ಆಕ್ಷನ್ಸ್ ಆರಿಸಿ, ಆಟೊ ಸೇವ್ ಚಾಲೂ ಮಾಡಿ. ಹೇಳದೇ ಕೇಳದೇ ಕರೆಂಟ್ ಹೋಗಿ ಇಡೀ ಸಂಜೆಯ ಕೆಲಸ ಕಳೆದುಕೊಂಡ ಮೇಲೆ ನಾನು ಅದಿಲ್ಲದೆ ಒಂದು ಸಾಲನ್ನೂ ಬರೆಯುವುದಿಲ್ಲ. ಪರೀಕ್ಷೆಯ ವಾರದಲ್ಲಿ ಮಾತ್ರ ಯಾವ ಎಡಿಟರನ್ನೂ ಬದಲಿಸಬೇಡಿ.

ಪ್ರಶ್ನೆ: ಹಳೆಯ ಎಡಿಟರ್‌ನ ಕೋಡ್ ಹೊಸದರಲ್ಲಿ ತೆರೆಯುತ್ತದೆಯೇ?
– ಓದುಗರು, ಜಮಖಂಡಿ

ಉತ್ತರ: ಕೋಡ್ ಎಂದರೆ ಬರೀ ಪಠ್ಯ. ತೆರೆಯುತ್ತದೆ.

ಪ್ರಶ್ನೆ: ಒಂದು ಹಗುರ ಎಡಿಟರ್‌ನಲ್ಲಿ ಕನ್ನಡ ಕಾಮೆಂಟ್‌ಗಳ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫೈಲ್ ಕೆಟ್ಟಿದೆಯೇ?
– ಶಿಕ್ಷಕಿ, ವಿಜಯಪುರ

ಉತ್ತರ: ಫೈಲ್ ಸರಿಯಾಗಿಯೇ ಇದೆ. ಅಕ್ಷರ ಕೂಡಿಸುವ ಹಾರ್ಫ್‌ಬಜ್‌ನಂಥ ವ್ಯವಸ್ಥೆ ಇಲ್ಲದ ಎಡಿಟರ್‌ಗಳಲ್ಲಿ ಹೀಗಾಗುತ್ತದೆ. ಗೀನಿ, ಕೇಟ್ ಎರಡರಲ್ಲೂ ಒತ್ತಕ್ಷರ ಕೂಡಿಯೇ ಬರುತ್ತದೆ. ನಮ್ಮ ಲಿಪಿಯನ್ನು ಮುರಿದು ಗಳಿಸಿದ ಹಗುರ ನನಗೆ ಬೇಡ.

ಪ್ರಶ್ನೆ: ಪೂರ್ಣಾಧಿಕಾರ ಕೊಡುವ ಸುಡೊ ಹಾಕಿ ಕ್ಯಾಶ್ ಖಾಲಿ ಮಾಡಿದರೆ ವೇಗ ಹೆಚ್ಚುತ್ತದೆಂದು ವಿಡಿಯೊದಲ್ಲಿ ನೋಡಿದೆ. ನಿಜವೇ?
– ಓದುಗರು, ಬಾಗಲಕೋಟೆ

ಉತ್ತರ: ಸುಳ್ಳು. ಖಾಲಿ ಉಳಿದ ಮೆಮೊರಿಯಲ್ಲಿ ಲಿನಕ್ಸ್ ಡಿಸ್ಕ್‌ನ ಫೈಲ್‌ಗಳನ್ನು ಇಟ್ಟುಕೊಂಡಿರುತ್ತದೆ. ಅದೇ ಕ್ಯಾಶ್. ಪ್ರೋಗ್ರಾಂ ಕೇಳಿದೊಡನೆ ಜಾಗ ಬಿಟ್ಟುಕೊಡುತ್ತದೆ. ಅದನ್ನು ಅಳಿಸಿದರೆ ಅವೇ ಫೈಲ್‌ಗಳನ್ನು ಡಿಸ್ಕ್‌ನಿಂದ ಮತ್ತೆ ಓದಬೇಕು, ಯಂತ್ರ ಇನ್ನಷ್ಟು ನಿಧಾನವಾಗುತ್ತದೆ. ಅರ್ಥವಾಗದ ಸಾಲಿಗೆ ಸುಡೊ ಸೇರಿಸಿ ಅಂಟಿಸಲು ಹೇಳುವವರ ವಿಡಿಯೊ ನೋಡುವುದನ್ನೇ ನಿಲ್ಲಿಸಿ.